ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಗಂಡಸರು: ಯಾರಿಗೆ ಹೇಳುವುದು, ಎಲ್ಲಿಗೆ ಹೋಗುವುದು?

ಉಣಕಲ್ ನಿವಾಸಿ

ನಾನು ಹುಬ್ಬಳ್ಳಿಯವನು. ವಯಸ್ಸು ನಲವತ್ತು ದಾಟಿದೆ. ಸಣ್ಣ ವ್ಯಾಪಾರವಿದೆ, ಹೆಂಡತಿ ಮತ್ತು ಒಬ್ಬ ಮಗನಿದ್ದಾನೆ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ನಮ್ಮ ಮನೆಯಲ್ಲೇ ಉಳಿದುಕೊಂಡು ನೌಕರಿಗೆ ಹೋಗುತ್ತಿದ್ದ ಸಂಬಂಧಿಯೊಬ್ಬ ನನ್ನನ್ನು ಲೈಂಗಿಕವಾಗಿ ಬಳಸಿಕೊಂಡ. ಅವನಿಗೆ ಬೇರೆ ಊರಿಗೆ ವರ್ಗವಾಗುವವರೆಗೂ ಅದು ನಡೆಯಿತು. ಅವನನ್ನು ಕಾಕಾ ಎಂದು ಕರೆಯುತ್ತಿದ್ದೆ. ನಾಲ್ಕು ಜನರ ಎದುರು ಈಗಲೂ ಹಾಗೆಯೇ ಕರೆಯಬೇಕು.

ಅಂಗಡಿ, ಸಾಲ, ಸಂಸಾರ ಎಂದು ಇಷ್ಟು ವರ್ಷ ಇದನ್ನು ಅದುಮಿಟ್ಟುಕೊಂಡಿದ್ದೆ. ಈ ಜೂನ್‌ನಲ್ಲಿ ಮಗ ನಾಲ್ಕನೇ ತರಗತಿಗೆ ಹೋದ. ಅಂದಿನಿಂದ ನಿದ್ದೆ ಹೋಗಿದೆ. ಅವನು ಓಡಿಬಂದು ತೆಕ್ಕೆಗೆ ಬಿದ್ದರೆ ಮೈ ಕಲ್ಲಾಗುತ್ತದೆ. ಮೊನ್ನೆ ಅವರವ್ವನ ಹತ್ತಿರ ಹೋಗಿ ಅಪ್ಪನಿಗೆ ನನ್ನ ಮೇಲೆ ಸಿಟ್ಟು ಇದೆಯೇ ಎಂದು ಕೇಳಿದನಂತೆ.

ಮುಂದಿನ ತಿಂಗಳು ಅಕ್ಕನ ಮಗಳ ಮದುವೆ. ಆ ಮನುಷ್ಯ ಹಿರಿಯರ ಸಾಲಿನಲ್ಲಿ ಕುಳಿತಿರುತ್ತಾನೆ. ನಾನು ಅವನ ಕಾಲು ಮುಟ್ಟಿ ನಮಸ್ಕರಿಸಬೇಕು. ಹೆಂಡತಿಗೆ ಹೇಳಬೇಕೇ? ಮದುವೆಗೆ ಹೋಗಬೇಕೇ? ಇಷ್ಟು ವರ್ಷಗಳ ಮೇಲೆ ಇದಕ್ಕೆ ಚಿಕಿತ್ಸೆ ಎಂಬುದು ಇದೆಯೇ? ಗಂಡಸರಿಗೂ ಇದೆಯೇ?

ದುರ್ಗದಬೈಲ್

ಅಣ್ಣಾ, ಓದಿ ಸಂಕಟವಾಯಿತು. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ: ಆಗಿದ್ದು ಆಗಿಹೋಯಿತು, ಮರೆಯಲು ಪ್ರಯತ್ನಿಸಿ. ಹೆಂಡತಿಗೆ ಹೇಳಿದರೆ ಅವರ ಕಣ್ಣಲ್ಲಿ ನಿಮ್ಮ ಸ್ಥಾನ ಏನಾಗುತ್ತದೆಯೋ ಗೊತ್ತಿಲ್ಲ. ಮನಸ್ಸು ಭಾರವಾದಾಗ ಸಿದ್ಧಾರೂಢರ ಮಠಕ್ಕೆ ಹೋಗಿ ಸ್ವಲ್ಪ ಹೊತ್ತು ಕುಳಿತು ಬನ್ನಿ. ನಾನು ಕಷ್ಟದಲ್ಲಿದ್ದಾಗ ಮಾಡಿದ್ದು ಅದನ್ನೇ.

ಕೆಲಗೇರಿ

ದುರ್ಗದಬೈಲ್ ಅವರೇ, ನಿಮ್ಮ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಮರೆಯುವುದು ನಮ್ಮ ಕೈಯಲ್ಲಿದ್ದಿದ್ದರೆ ನಾವೆಲ್ಲ ಎಂದೋ ಮರೆತಿರುತ್ತಿದ್ದೆವು. ಮಠದಲ್ಲಿ ಕುಳಿತರೆ ಮನಸ್ಸು ತಂಪಾಗುತ್ತದೆ, ಅದನ್ನು ನಾನೂ ಕಂಡಿದ್ದೇನೆ. ನಡುರಾತ್ರಿ ಮೈಯೆಲ್ಲ ಬೆವೆತು ಎದ್ದು ಕುಳಿತಾಗ ಅದೊಂದೇ ಸಾಲುವುದಿಲ್ಲ.

ಉಣಕಲ್ ಅಣ್ಣ, ನನ್ನದೂ ಇದೇ ಕಥೆ. ನನಗೆ ಹಾಗೆ ಮಾಡಿದವನು ಮನೆಪಾಠದ ಮಾಸ್ತರ. ಯಾರಿಗೂ ಹೇಳಲಿಲ್ಲ, ಏಕೆಂದರೆ ಹೇಳಿದ್ದರೆ ನೀನೇಕೆ ಸುಮ್ಮನಿದ್ದೆ ಎಂದು ಅಪ್ಪ ಮೊದಲು ಕೇಳುತ್ತಾರೆ ಎಂದು ಹೆದರಿದ್ದೆ. ಅಪ್ಪ ಆ ಪ್ರಶ್ನೆ ಕೇಳುವ ಸಂದರ್ಭವೇ ಬರಲಿಲ್ಲ. ನಾನೇ ನನಗೆ ಅದನ್ನು ವರ್ಷಗಟ್ಟಲೆ ಕೇಳಿಕೊಂಡೆ. ಗಂಡುಮೆಟ್ಟಿದ ನೆಲ ಎಂದು ಎದೆಯುಬ್ಬಿಸುವ ನಮ್ಮ ಸೀಮೆಯಲ್ಲಿ ಗಂಡಸು ಸಿಟ್ಟು ಮಾಡಬಹುದು, ಕುಡಿಯಬಹುದು, ಪಾತ್ರೆ ಎಸೆಯಬಹುದು. ಹೆದರಿದ್ದೆ ಎಂದು ಮಾತ್ರ ಹೇಳುವಂತಿಲ್ಲ. ನಾನು ಕುಡಿದೆ. ಎರಡು ನೌಕರಿ ಬಿಟ್ಟೆ. ಯಾರಾದರೂ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟರೆ ಹೊಡೆಯಲು ಹೋಗುತ್ತಿದ್ದೆ.

ಚಿಕಿತ್ಸೆ ಇದೆ. ಗಂಡಸರಿಗೂ ಇದೆ. ನಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತನಾಡಿದರೆ ಸಾಕು, ಇವನನ್ನು ಧಾರವಾಡಕ್ಕೆ ಸೇರಿಸಬೇಕು ಎಂದು ನಗುತ್ತಾರೆ. 1845ರಲ್ಲಿ ಶುರುವಾದ ಅಲ್ಲಿನ ಮಾನಸಿಕ ಆಸ್ಪತ್ರೆಯೇ ಇವತ್ತಿನ ಡಿಮ್ಹಾನ್ಸ್. ಆ ನಗೆಯ ಹೆದರಿಕೆಯಿಂದ ಅದರ ಗೇಟಿನ ಎದುರು ಬಸ್ಸಿನಿಂದ ಇಳಿಯಲು ನನಗೆ ಧೈರ್ಯವಿರಲಿಲ್ಲ. ಒಳಗೆ ಹೋದ ಮೇಲೆ ನೋಡಿದರೆ ಅಲ್ಲಿ ನಮ್ಮಂಥವರೇ ಇದ್ದರು: ನಿದ್ದೆ ಬಾರದ ರೈತರು, ಪರೀಕ್ಷೆಗೆ ಹೆದರಿದ ಹುಡುಗರು, ಕೈಕೂಸಿನ ಬಾಣಂತಿಯರು. ಯಾರೂ ಯಾರ ಮುಖವನ್ನೂ ದಿಟ್ಟಿಸುವುದಿಲ್ಲ.

ಮೊದಲ ಭೇಟಿಯಲ್ಲೇ ಎಲ್ಲವನ್ನೂ ಬಿಚ್ಚಿ ಹೇಳಬೇಕಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಆಪ್ತಸಮಾಲೋಚಕರು ಬಹಳ ದಿನ ಆ ವಿಷಯಕ್ಕೆ ಕೈ ಹಾಕಲೇ ಇಲ್ಲ. ನಿದ್ದೆ ಹೇಗಿದೆ, ಎಷ್ಟು ಕುಡಿಯುತ್ತೀರಿ, ಯಾವ ಹೊತ್ತಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ ಎಂದು ಕೇಳಿದರು. ಹಳೆಯದು ನುಗ್ಗಿ ಬಂದಾಗ ಎರಡೂ ಪಾದಗಳನ್ನು ನೆಲಕ್ಕೆ ಊರಿ, ಸುತ್ತ ಕಾಣುವ ವಸ್ತುಗಳ ಹೆಸರು ಹೇಳುತ್ತಾ, ಇದು ಇವತ್ತು, ಇದು ನನ್ನ ಮನೆ, ನಾನು ದೊಡ್ಡವನು ಎಂದು ಮನಸ್ಸಿಗೆ ತಿಳಿಸುವುದನ್ನು ಕಲಿಸಿದರು. ಮಕ್ಕಳಾಟದಂತೆ ಕಾಣಬಹುದು, ನನ್ನನ್ನು ಉಳಿಸಿದ್ದು ಅದೇ. ವಿಷಯ ಹೇಳಲು ಶುರು ಮಾಡಿದ ಮೇಲೂ ಇವತ್ತಿಗೆ ಇಷ್ಟು ಸಾಕೇ, ಮುಂದುವರಿಸೋಣವೇ ಎಂದು ಪ್ರತಿ ಸಲ ಕೇಳುತ್ತಿದ್ದರು. ಚಿಕ್ಕವನಿದ್ದಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಬೇಡ ಎಂದು ಹೇಳಿ, ಆ ಬೇಡ ನಡೆದದ್ದನ್ನು ನೋಡಿದ್ದು ಆ ಕೋಣೆಯಲ್ಲೇ ಮೊದಲು.

ಆದ್ದರಿಂದ ಹೆಂಡತಿಗೆ ಹೇಳಬೇಕೋ ಬೇಡವೋ, ಮದುವೆಗೆ ಹೋಗಬೇಕೋ ಬೇಡವೋ ಎಂಬುದನ್ನು ನಾವ್ಯಾರೂ ನಿಮಗೆ ಆದೇಶಿಸಬಾರದು. ಯಾರಿಗೆ, ಯಾವಾಗ, ಎಷ್ಟು ಎಂಬುದು ನಿಮ್ಮ ಕೈಯಲ್ಲಿರಲಿ.

ಮನೋವೈದ್ಯೆ, ಧಾರವಾಡ

ಕೆಲಗೇರಿಯವರು ಬರೆದದ್ದಕ್ಕೆ ವೈದ್ಯಕೀಯವಾಗಿ ಒಂದಿಷ್ಟು ಸೇರಿಸುತ್ತೇನೆ.

ಮಗ ಅದೇ ವಯಸ್ಸಿಗೆ ಬಂದಾಗ ಹಳೆಯ ನೆನಪು ಕೆರಳುವುದನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ತಾನು ಎಷ್ಟು ಚಿಕ್ಕವನಿದ್ದೆ ಎಂಬುದು ತಂದೆಗೆ ತನ್ನ ಮಗುವಿನ ಮೈಯನ್ನು ನೋಡಿದಾಗಲೇ ಅರ್ಥವಾಗುತ್ತದೆ. ಅದರ ಜೊತೆಗೆ ನಾನೂ ಹಾಗೆ ಮಾಡಿಬಿಟ್ಟರೆ ಎಂಬ ಭಯ ಬರುತ್ತದೆ. ಉಣಕಲ್ ಅವರು ಅದನ್ನು ಬರೆದಿಲ್ಲ, ಆದರೆ ಮಗನನ್ನು ಅಪ್ಪಿಕೊಳ್ಳಲು ಹಿಂಜರಿಯುವುದರ ಹಿಂದೆ ಹೆಚ್ಚಾಗಿ ಇರುವುದು ಅದೇ. ದೌರ್ಜನ್ಯಕ್ಕೆ ಒಳಗಾದ ಬಹುಪಾಲು ಗಂಡಸರು ಯಾವ ಮಗುವಿಗೂ ಹಾಗೆ ಮಾಡುವುದಿಲ್ಲ. ನಿಮ್ಮ ಮಗನಿಗೆ ನಿಮ್ಮ ತೆಕ್ಕೆ ಬೇಕು, ಅದು ಅವನಿಗೆ ಸುರಕ್ಷಿತ ಜಾಗ.

ಇನ್ನೊಂದು ವಿಷಯವನ್ನು ಗಂಡಸರು ಎಷ್ಟೋ ಭೇಟಿಗಳಾದ ಮೇಲೆ, ತಲೆ ತಗ್ಗಿಸಿ ಹೇಳುತ್ತಾರೆ: ಆಗ ನನ್ನ ದೇಹ ಸ್ಪಂದಿಸಿತ್ತು, ಹಾಗಾದರೆ ನನಗೂ ಅದು ಬೇಕಿತ್ತೇ? ಬ್ಯಾಡಗಿ ಮೆಣಸಿನಕಾಯಿ ಕುಟ್ಟುವಾಗ ಕಣ್ಣಲ್ಲಿ ಬರುವ ನೀರು ದುಃಖದ ನೀರಲ್ಲ. ದೇಹದ ಪ್ರತಿಕ್ರಿಯೆ ಒಪ್ಪಿಗೆಯಲ್ಲ. ಓಡದೆ, ಕಿರುಚದೆ ಮರಗಟ್ಟಿ ನಿಂತದ್ದೂ ಒಪ್ಪಿಗೆಯಲ್ಲ, ತಪ್ಪಿಸಿಕೊಳ್ಳಲಾಗದ ಅಪಾಯದಲ್ಲಿ ಮೆದುಳು ತಾನಾಗಿ ಮಾಡುವ ಕೆಲಸ ಅದು. ಇದರಿಂದ ನಾನು ಸಲಿಂಗಿಯಾದೆನೇ ಎಂದೂ ಕೇಳುತ್ತಾರೆ. ದೌರ್ಜನ್ಯ ಯಾರ ಲೈಂಗಿಕ ಒಲವನ್ನೂ ನಿರ್ಧರಿಸುವುದಿಲ್ಲ, ಮತ್ತು ಸಲಿಂಗಿಯಾಗಿರುವುದು ರೋಗವೂ ಅಲ್ಲ, ಗಾಯದ ಗುರುತೂ ಅಲ್ಲ.

ಹುಡುಗರಿಗೆ ಇಂಥದ್ದು ಆಗುವುದಿಲ್ಲ ಎಂಬ ನಂಬಿಕೆಯನ್ನು ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನವೇ ಮುರಿದಿದೆ. 13 ರಾಜ್ಯಗಳ 12,447 ಮಕ್ಕಳಲ್ಲಿ ಶೇ 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಹಾಗೆ ಹೇಳಿಕೊಂಡವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಗಂಡುಮಕ್ಕಳು.

ಆಘಾತದ ನಂತರದ ಒತ್ತಡಕ್ಕೆ ವಿಶೇಷವಾಗಿ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ. ಯೋಚನೆ, ನಡವಳಿಕೆಗಳ ಮೇಲೆ ಕೆಲಸ ಮಾಡುವ ಆಘಾತ ಕೇಂದ್ರಿತ ಸಿಬಿಟಿ ಮತ್ತು ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ಎರಡನ್ನು ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಖಿನ್ನತೆ, ನಿದ್ರಾಹೀನತೆ ಹೆಚ್ಚಾಗಿದ್ದರೆ ಔಷಧಿಯೂ ಬೇಕಾಗಬಹುದು. ಸುಧಾರಣೆ ನೇರ ಗೆರೆಯಲ್ಲಿ ಸಾಗುವುದಿಲ್ಲ: ವಿಷಯ ಹೇಳಲು ಶುರು ಮಾಡಿದ ದಿನಗಳಲ್ಲಿ ಕನಸುಗಳು ಹೆಚ್ಚಾಗಬಹುದು, ಆಗ ಚಿಕಿತ್ಸೆ ಬಿಟ್ಟು ಓಡಬೇಡಿ, ವೇಗ ತಗ್ಗಿಸಲು ಹೇಳಿ. ಹುಬ್ಬಳ್ಳಿ, ಗದಗ, ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೆಯಿಂದ ಹೊರಡಲು ಮನಸ್ಸಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್ ಸಹಾಯವಾಣಿ, ಉಚಿತ, ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತನಾಡುತ್ತಾರೆ. ಬದುಕೇ ಬೇಡ ಎನ್ನಿಸಿದ ರಾತ್ರಿ ಬೆಳಗಾಗುವವರೆಗೆ ಕಾಯಬೇಡಿ.

ಬೆಟಗೇರಿಯ ಅಕ್ಕ

ನಾನು ಹೆಂಡತಿಯ ಕಡೆಯಿಂದ ಹೇಳುತ್ತೇನೆ. ನನ್ನ ಯಜಮಾನರು ಇದನ್ನು ಹೇಳಿದಾಗ ನಮ್ಮ ಮದುವೆಯಾಗಿ ಬಹಳ ವರ್ಷಗಳಾಗಿದ್ದವು. ಅಷ್ಟು ವರ್ಷವೂ ಅವರು ನನ್ನಿಂದ ದೂರ ಸರಿಯುವುದಕ್ಕೆ ನಾನೇ ಕಾರಣ ಎಂದುಕೊಂಡಿದ್ದೆ. ನಾನು ಚೆನ್ನಾಗಿಲ್ಲ, ಅಥವಾ ಅವರಿಗೆ ಬೇರೆ ಯಾರೋ ಇದ್ದಾರೆ ಎಂದು ಎಷ್ಟು ಅತ್ತಿದ್ದೇನೋ! ತಮ್ಮಾ, ನೀವು ಸುಮ್ಮನಿದ್ದರೆ ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ ಎಂದು ತಿಳಿಯಬೇಡಿ. ಏನೋ ಇದೆ ಎಂದು ಗೊತ್ತಾಗುತ್ತದೆ. ಏನು ಎಂಬುದು ಮಾತ್ರ ಗೊತ್ತಾಗದೆ ಅವರು ತಮ್ಮನ್ನೇ ಬೈದುಕೊಳ್ಳುತ್ತಾರೆ.

ದುರ್ಗದಬೈಲ್ ಅವರು ಹೆಂಡತಿಯ ಕಣ್ಣಲ್ಲಿ ಸ್ಥಾನ ಏನಾಗುತ್ತದೆಯೋ ಎಂದಿದ್ದಾರೆ. ನನ್ನ ಕಣ್ಣಲ್ಲಿ ಅವರ ಸ್ಥಾನ ಕುಗ್ಗಲಿಲ್ಲ. ಸಿಟ್ಟು ಬಂತು, ಆ ಕೆಟ್ಟ ಮನುಷ್ಯನ ಮೇಲೆ. ಅವನ ಮನೆಗೆ ಹೋಗಿ ಬೀದಿಯಲ್ಲಿ ನಿಲ್ಲಿಸಿ ಕೇಳಬೇಕು ಎಂದು ಹೊರಟೆ. ಯಜಮಾನರು ತಡೆದು, ಇದು ನನ್ನ ವಿಷಯ, ನಾನು ಹೇಳಿದಷ್ಟನ್ನೇ ಕೇಳು, ನಾನು ಹೇಳದೆ ಯಾರಿಗೂ ಹೇಳಬೇಡ ಎಂದರು. ನಮ್ಮ ತಾಯಿಗೂ ಹೇಳಲಿಲ್ಲ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಹೇಳುವುದಾದರೆ ಮಲಗುವ ಹೊತ್ತಿನಲ್ಲಿ ಬೇಡ. ಮಗ ಶಾಲೆಗೆ ಹೋದಾಗ, ಹಗಲಿನಲ್ಲಿ ಹೇಳಿ. ವಿವರ ಹೇಳುವ ಅಗತ್ಯವಿಲ್ಲ. ಚಿಕ್ಕವನಿದ್ದಾಗ ಒಬ್ಬ ನನ್ನೊಂದಿಗೆ ಕೆಟ್ಟದಾಗಿ ನಡೆದುಕೊಂಡ, ಅದು ಈಗ ಕಾಡುತ್ತಿದೆ, ಚಿಕಿತ್ಸೆಗೆ ಹೋಗಬೇಕೆಂದಿದ್ದೇನೆ ಎಂಬಷ್ಟು ಸಾಕು. ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ಆ ಹೆಸರನ್ನು ಆ ದಿನವೇ ಹೇಳಬೇಕೆಂದಿಲ್ಲ. ಮೈಯ ಸಂಬಂಧದ ವಿಷಯವನ್ನೂ ಮಾತನಾಡಿಕೊಳ್ಳಿ. ಕತ್ತಲಲ್ಲಿ ಇದ್ದಕ್ಕಿದ್ದಂತೆ ಮುಟ್ಟಬೇಡ ಎಂಬ ಒಂದು ಮಾತು ನಮ್ಮ ಮನೆಯಲ್ಲಿ ಎಷ್ಟೋ ಜಗಳಗಳನ್ನು ನಿಲ್ಲಿಸಿತು.

ಸಪ್ತಾಪುರ

ನಾನು ಇಲ್ಲಿ ಕೋಚಿಂಗ್‌ಗೆ ಬಂದು ಕೋಣೆ ಮಾಡಿಕೊಂಡಿದ್ದೇನೆ, ವಯಸ್ಸು ಹತ್ತೊಂಬತ್ತು. ನನಗೆ ಹದಿಮೂರು ಇದ್ದಾಗ ವಸತಿ ನಿಲಯದಲ್ಲಿ ಮೇಲ್ವಿಚಾರಕನಿಂದ ಇದು ಆಯಿತು. ಅಲ್ಲಿ ಈಗಲೂ ಚಿಕ್ಕ ಹುಡುಗರು ಇದ್ದಾರೆ. ಪುಸ್ತಕ ಹಿಡಿದರೆ ಅದೇ ನೆನಪು. ಈಗ ದೂರು ಕೊಡಬಹುದೇ, ಕಾಲ ಮೀರಿತೇ? ಅಪ್ಪನಿಗೆ ಗೊತ್ತಾಗದೆ ಕೊಡಬಹುದೇ?

ವಕೀಲ, ಹಾವೇರಿ

ಸಪ್ತಾಪುರದ ತಮ್ಮನಿಗೆ ಮೊದಲು ಉತ್ತರಿಸುತ್ತೇನೆ. ಕಾಲ ಮೀರಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರಲ್ಲಿ ಮಗು ಎಂದರೆ 18 ವರ್ಷದೊಳಗಿನ ಯಾರೇ ಆಗಲಿ, ಗಂಡು ಹೆಣ್ಣು ಎಂಬ ಭೇದವಿಲ್ಲ. ನಿನಗೆ ಈಗ 18 ತುಂಬಿದ್ದರೂ ಘಟನೆ ನಡೆದಾಗ ನೀನು ಮಗು, ಅಷ್ಟು ಸಾಕು. ದೂರು ಕೊಡಲು ಈ ಕಾಯ್ದೆಯಲ್ಲಿ ಕಾಲಮಿತಿಯಿಲ್ಲ ಎಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿದೆ. ನೀನು ವಯಸ್ಕನಾದ್ದರಿಂದ ಅಪ್ಪನ ಅನುಮತಿ ಬೇಕಿಲ್ಲ. 23ನೇ ಕಲಂ ಪ್ರಕಾರ ಪತ್ರಿಕೆ, ಟಿವಿಯವರು ನಿನ್ನ ಹೆಸರು, ಚಿತ್ರ, ವಿಳಾಸ, ಶಾಲೆ ಯಾವುದನ್ನೂ ಪ್ರಕಟಿಸುವಂತಿಲ್ಲ. ಒಬ್ಬನೇ ಠಾಣೆಗೆ ಹೋಗಬೇಡ. ನಂಬಿಕೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ವಿಚಾರಿಸು, ಅವರ ಸಹಾಯವಾಣಿ 15100.

ಉಣಕಲ್ ಅವರ ಪ್ರಕರಣ ಬೇರೆ. ಪೋಕ್ಸೊ ಬರುವುದಕ್ಕೂ ಮುಂಚಿನ ಕೃತ್ಯಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆಗ ಅತ್ಯಾಚಾರದ ಕಲಂ ಹೆಣ್ಣಿಗೆ ಮಾತ್ರ ಇತ್ತು. ಹುಡುಗರ ಪಾಲಿಗೆ ಇದ್ದದ್ದು ಭಾರತೀಯ ದಂಡ ಸಂಹಿತೆಯ 377, ಅಂದರೆ ಅಸ್ವಾಭಾವಿಕ ಸಂಭೋಗದ ಕಲಂ. ಅದರಡಿ ಬರುವ ಗಂಭೀರ ಕೃತ್ಯಕ್ಕೆ ಇಂದಿಗೂ ಕಾಲಮಿತಿಯ ಅಡ್ಡಿಯಿಲ್ಲ, ಆದರೆ ಇಷ್ಟು ವರ್ಷಗಳ ಮೇಲೆ ಸಾಕ್ಷ್ಯ ಒದಗಿಸುವುದು ಬಹಳ ಕಷ್ಟ. ಆ ಕಲಂಗೆ ಒಳಪಡದ ಸ್ಪರ್ಶದಂಥ ಕೃತ್ಯಗಳಿಗೆ ಅಂದಿನ ಕಾನೂನಿನಲ್ಲಿ ಶಿಕ್ಷೆ ಸಣ್ಣದು, ಅವುಗಳ ಅವಧಿ ಎಂದೋ ಮುಗಿದಿದೆ. ಇದನ್ನು ಹೇಳಲು ನನಗೆ ಸಂತೋಷವಿಲ್ಲ. ನಿಮ್ಮ ತಲೆಮಾರಿನ ಹುಡುಗರನ್ನು ಕಾನೂನು ನೋಡಲೇ ಇಲ್ಲ.

ಒಂದು ಪ್ರಶ್ನೆ ಕೇಳಲೇಬೇಕು. ಆ ಮನುಷ್ಯನ ಸುತ್ತ ಈಗ ಮಕ್ಕಳಿದ್ದಾರೆಯೇ?

ಉಣಕಲ್ ನಿವಾಸಿ

ಇದ್ದಾರೆ. ನಿವೃತ್ತನಾದ ಮೇಲೆ ಓಣಿಯ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಾನೆ. ಮೊಮ್ಮಗನೂ ಅವನ ಕೋಣೆಯಲ್ಲೇ ಮಲಗುತ್ತಾನೆ. ಇದನ್ನು ಮೊದಲು ಬರೆಯಲು ಕೈ ಬರಲಿಲ್ಲ. ನನ್ನ ನಿದ್ದೆ ಹೋಗಿರುವುದು ನನ್ನ ಮಗನ ವಯಸ್ಸಿನಿಂದ ಮಾತ್ರ ಅಲ್ಲ.

ವಕೀಲ, ಹಾವೇರಿ

ಹಾಗಿದ್ದರೆ ಇದು ಹಳೆಯ ವಿಷಯವಲ್ಲ. ಪೋಕ್ಸೊದ 19ನೇ ಕಲಂ ನಡೆದುಹೋದ ಅಪರಾಧದ ಬಗ್ಗೆ ಮಾತ್ರವಲ್ಲ, ನಡೆಯಬಹುದು ಎಂಬ ಆತಂಕವಿದ್ದರೂ ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕ್ರಮ ಜರುಗಿಸುವಂತಿಲ್ಲ ಎಂದೂ ಅದೇ ಕಲಂನಲ್ಲಿದೆ. ನೀವು ತಿಳಿಸಬೇಕು.

ಕೆಲಗೇರಿ

ವಕೀಲರೇ, ಕಾನೂನು ಸರಿಯಿದೆ. ಆದರೆ ನೀವು ತಿಳಿಸಬೇಕು ಎಂದು ಇಷ್ಟು ಗಡುಸಾಗಿ ಹೇಳಿದರೆ, ಮೊನ್ನೆಯಷ್ಟೇ ಮೊದಲ ಬಾರಿಗೆ ಬಾಯಿ ತೆರೆದ ಮನುಷ್ಯ ಮತ್ತೆ ಬಾಯಿ ಮುಚ್ಚುತ್ತಾನೆ. ಬೇರೆ ಮಕ್ಕಳಿಗೆ ಏನಾದರೂ ಆದರೆ ಅದು ನಿನ್ನ ಮೌನದಿಂದ ಎಂಬ ಹೊರೆಯನ್ನು ಅವರ ತಲೆಯ ಮೇಲೆ ಹೊರಿಸಬೇಡಿ. ಮಾಡಿದವನು ಅವನು. ಈ ಹೊರೆ ಹೊತ್ತೇ ಎಷ್ಟೋ ಜನ ಸತ್ತಿದ್ದಾರೆ.

ವಕೀಲ, ಹಾವೇರಿ

ಆ ಮಕ್ಕಳು ಯಾರ ನಿರ್ಧಾರಕ್ಕಾಗಿ ಎಷ್ಟು ದಿನ ಕಾಯಬೇಕು? ನಾನು ಗಡುಸಾಗಿ ಹೇಳಿದ್ದು ಅದಕ್ಕೇ.

ಮನೋವೈದ್ಯೆ, ಧಾರವಾಡ

ಇಬ್ಬರ ಕಾಳಜಿಯೂ ನನಗೆ ಅರ್ಥವಾಗುತ್ತದೆ. ಮಕ್ಕಳ ವಿಷಯದಲ್ಲಿ ಕಾಯುವಂತಿಲ್ಲ ಎಂಬ ವಕೀಲರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಉಣಕಲ್ ಅವರು ಠಾಣೆಯಲ್ಲಿ ಕುಳಿತು ತಮ್ಮ ಬಾಲ್ಯವನ್ನು ಮೊದಲಿನಿಂದ ಹೇಳುವುದೂ, ಇವತ್ತಿನ ಮಕ್ಕಳಿಗೆ ಅಪಾಯವಿದೆ ಎಂದು ತಿಳಿಸುವುದೂ ಬೇರೆ ಬೇರೆ. ಎರಡನೆಯದನ್ನು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಶುರು ಮಾಡಬಹುದು. ಮೊಮ್ಮಗನ ತಾಯಿಗೆ, ಮಗುವನ್ನು ಆ ಕೋಣೆಯಲ್ಲಿ ಮಲಗಿಸಬೇಡಿ, ಕಾರಣ ನನಗೆ ಗೊತ್ತಿದೆ ಎಂದು ಇವತ್ತೇ ಹೇಳಬಹುದು. ಜೊತೆಗೊಬ್ಬರಿದ್ದರೆ ಇದು ಸುಲಭ. ಆದ್ದರಿಂದಲೇ ಹೆಂಡತಿಗೋ ಅಕ್ಕನಿಗೋ, ಒಬ್ಬರಿಗೆ ಮೊದಲು ತಿಳಿಯಲಿ ಎಂದು ನಾನು ಬಯಸುತ್ತೇನೆ.

ಸಪ್ತಾಪುರದ ಹುಡುಗನಿಗೆ: ದೂರು ಕೊಟ್ಟ ಮೇಲೆ ವಿಚಾರಣೆಯ ದಿನಗಳು ಕಠಿಣವಾಗಿರುತ್ತವೆ. ಚಿಕಿತ್ಸೆಯನ್ನು ಈಗಲೇ ಆರಂಭಿಸಿ, ಎರಡೂ ಜೊತೆಯಾಗಿ ನಡೆಯಲಿ.

ದುರ್ಗದಬೈಲ್

ಎಲ್ಲರೂ ಬರೆದದ್ದನ್ನು ಓದಿದೆ. ಉಣಕಲ್ ಅಣ್ಣಾ, ಮದುವೆಯ ದಿನ ನಿಮ್ಮ ಪಕ್ಕದಲ್ಲಿ ನಿಲ್ಲಲು ಒಬ್ಬರು ಬೇಕಿದ್ದರೆ ನಾನು ಬರುತ್ತೇನೆ. ಗುರುತು ಪರಿಚಯ ಇಲ್ಲದಿದ್ದರೂ ಪರವಾಗಿಲ್ಲ. ಸಪ್ತಾಪುರದ ತಮ್ಮ ಠಾಣೆಗೆ ಹೋಗುವ ದಿನವೂ ಬರುತ್ತೇನೆ.

ಉಣಕಲ್ ನಿವಾಸಿ

ಹೆಂಡತಿಗೆ ಹೇಳಿದೆ. ಬೆಟಗೇರಿಯ ಅಕ್ಕ ಹೇಳಿಕೊಟ್ಟಂತೆ ಹಗಲಿನಲ್ಲಿ, ಮಗ ಶಾಲೆಯಲ್ಲಿದ್ದಾಗ. ಹೆಸರು ಹೇಳುವ ಮೊದಲೇ ಆಕೆ ಅದು ಅವರೇ ಅಲ್ಲವೇ ಎಂದಳು. ಅವನು ಮನೆಗೆ ಬಂದ ದಿನ ನಾನು ಊಟ ಬಿಡುವುದನ್ನು ಆಕೆ ಮದುವೆಯಾದಾಗಿನಿಂದ ಗಮನಿಸಿದ್ದಳಂತೆ.

ಅಕ್ಕನಿಗೆ ಇಬ್ಬರೂ ಕೂಡಿ ಹೇಳಿದೆವು. ಅಕ್ಕ ಬಹಳ ಹೊತ್ತು ಅತ್ತಳು, ಆಮೇಲೆ ಮದುವೆಗೆ ನೀನು ಬೇಕು, ಅವನು ಬೇಡ ಎಂದಳು. ಭಾವನಿಗೆ ಆಕೆಯೇ ಹೇಳುತ್ತಾಳೆ. ಮೊಮ್ಮಗನ ತಾಯಿಯೊಂದಿಗೆ ನನ್ನ ಹೆಂಡತಿ ಮಾತನಾಡಿದ್ದಾಳೆ, ಮಗು ಈಗ ತವರಿನಲ್ಲಿದೆ. ಪಾಠಕ್ಕೆ ಬರುವ ಮಕ್ಕಳ ವಿಷಯಕ್ಕೆ 1098ಕ್ಕೆ ಕರೆ ಮಾಡಿದೆ. ಮಾತನಾಡುವಾಗ ಧ್ವನಿ ನಡುಗಿತು, ಆದರೂ ಮಾತನಾಡಿದೆ. ಮುಂದಿನ ಹೆಜ್ಜೆಗೆ ವಕೀಲರನ್ನು ಕಾಣುತ್ತೇನೆ. ದುರ್ಗದಬೈಲ್ ಅವರೇ, ಮದುವೆಗೆ ಖಂಡಿತ ಬನ್ನಿ, ಊಟಕ್ಕೆ.

ಸೋಮವಾರ ಡಿಮ್ಹಾನ್ಸ್‌ಗೆ ಹೋಗಬೇಕೆಂದಿದ್ದೇವೆ. ಚೀಟಿ ಮಾಡಿಸುವಾಗ ಕೌಂಟರಿನಲ್ಲಿ ಕಾರಣ ಹೇಳಬೇಕಾಗುತ್ತದೆಯೇ? ಹಿಂದೆ ಸಾಲಿನಲ್ಲಿ ಜನ ನಿಂತಿರುತ್ತಾರಲ್ಲ, ಅದೊಂದೇ ಅಳುಕು.

ಕೆಲಗೇರಿ

ಹೇಳಬೇಕಿಲ್ಲ. ಹೆಸರು, ವಯಸ್ಸು, ಊರು ಕೇಳುತ್ತಾರೆ. ತೊಂದರೆ ಏನೆಂದು ಕೇಳಿದರೂ ನಿದ್ದೆ ಬರುವುದಿಲ್ಲ ಎಂದರೆ ಸಾಕು, ಅದು ಸುಳ್ಳೂ ಅಲ್ಲ. ಉಳಿದದ್ದನ್ನು ವೈದ್ಯರ ಕೋಣೆಯಲ್ಲಿ, ಬಾಗಿಲು ಹಾಕಿದ ಮೇಲೆ ಹೇಳಿ. ಅದನ್ನು ಗುಟ್ಟಾಗಿ ಇಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ. ಸೋಮವಾರ ಜನ ಹೆಚ್ಚು, ಬೆಳಿಗ್ಗೆ ಬೇಗ ಹೊರಡಿ, ಬುತ್ತಿ ಕಟ್ಟಿಕೊಂಡು ಬನ್ನಿ. ವೈನಿಯನ್ನು ಕರೆದುಕೊಂಡು ಬನ್ನಿ, ಒಳಗೆ ಅವರು ಇರಬೇಕೋ ಹೊರಗೆ ಕುಳಿತುಕೊಳ್ಳಬೇಕೋ ಎಂಬುದನ್ನು ಅಲ್ಲಿಗೆ ಹೋದ ಮೇಲೆ ನೀವೇ ಹೇಳಿ.